ನ್ಯಾನೋಸೆಕೆಂಡಿನ ಲೆಕ್ಕ: ಈಥರ್ನೆಟ್ ಉಪಕರಣಗಳ ಜಿಟರ್ ಅಳತೆ

(ದತ್ತಿ ಉಪನ್ಯಾಸದ ಪೂರ್ಣಪಾಠ)



ದತ್ತಿ ಉಪನ್ಯಾಸವೆಂದರೆ ವಚನ, ಶಾಸನ, ಜಾನಪದ ಎಂಬ ರೂಢಿ ನಮ್ಮಲ್ಲಿದೆ. ಗವಿಮಠದಲ್ಲೂ ಪಾಲ್ಕಿಗುಂಡಿನಲ್ಲೂ ಅಶೋಕನ ಶಾಸನ ಇಟ್ಟುಕೊಂಡಿರುವ ಕೊಪ್ಪಳಕ್ಕೆ ಆ ರೂಢಿ ಒಪ್ಪುವಂಥದ್ದೇ. ಈ ಸಲ ಸಂಘಟಕರು ತಂತ್ರಜ್ಞಾನದ ವಿಷಯ ಬೇಕೆಂದರು, ಅದೂ ಹುಡುಗರು ಕೈಯಾರೆ ಮಾಡಿ ನೋಡುವಂಥದ್ದು ಬೇಕೆಂದರು. ಹಾಗಾಗಿ ಈಥರ್ನೆಟ್ ಉಪಕರಣದ ಸಂಕೇತದಲ್ಲಿರುವ ಜಿಟರನ್ನು ಆಸಿಲೋಸ್ಕೋಪಿನಲ್ಲಿ ಅಳೆಯುವುದು ಹೇಗೆ ಎಂಬುದನ್ನು ಆರಿಸಿಕೊಂಡೆ.

ನನ್ನ ಮಾತಿನ ತಿರುಳನ್ನು ಮೊದಲೇ ಹೇಳಿಬಿಡುತ್ತೇನೆ. ಸ್ವಿಚ್ಚಿನ ಪೋರ್ಟಿನಲ್ಲಿ ದೀಪ ಹೊತ್ತಿಕೊಂಡರೆ ಉಪಕರಣ ನಡೆಯುತ್ತಿದೆ ಎಂದಷ್ಟೇ ಗೊತ್ತಾಗುತ್ತದೆ. ಅದು ಕೆಡುವುದಕ್ಕೆ ಇನ್ನೆಷ್ಟು ಅಂತರ ಉಳಿದಿದೆ ಎಂಬುದು ದೀಪದಿಂದ ತಿಳಿಯದು, ಅಳತೆಯಿಂದ ಮಾತ್ರ ತಿಳಿಯುತ್ತದೆ. ನಮ್ಮ ಜಿಲ್ಲೆ ಈಗ ಇಂಥ ಉಪಕರಣಗಳನ್ನು ರಾಶಿರಾಶಿಯಾಗಿ ಹಾಕಿಸಿಕೊಳ್ಳುತ್ತಿದೆ. ಅಳೆಯುವುದನ್ನು ಮಾತ್ರ ಬೇರೆಯವರಿಗೆ ಬಿಟ್ಟಿದ್ದೇವೆ. ಅದನ್ನು ಇಲ್ಲಿಯೇ ಕಲಿಯಬಹುದು, ಕಲಿಯಬೇಕು.

ನಮ್ಮ ಜಿಲ್ಲೆಯ ತಂತಿಗಳು

ಈಥರ್ನೆಟ್ ಹುಟ್ಟಿದ್ದು 1973ರಲ್ಲಿ, ಅಮೆರಿಕದ ಜೆರಾಕ್ಸ್ ಕಂಪನಿಯ ಪಾಲೊ ಆಲ್ಟೊ ಸಂಶೋಧನಾ ಕೇಂದ್ರದಲ್ಲಿ. ರಾಬರ್ಟ್ ಮೆಟ್ಕಾಫ್ ಮತ್ತು ಅವರ ಜತೆಗಾರರು ಕಚೇರಿಯ ಕಂಪ್ಯೂಟರುಗಳನ್ನು ಒಂದೇ ಕೇಬಲ್ಲಿಗೆ ಜೋಡಿಸಲು ಹುಡುಕಿದ ಉಪಾಯವದು. 1983ರಲ್ಲಿ ಐಇಇಇ ಸಂಸ್ಥೆ ಅದಕ್ಕೆ 802.3 ಎಂಬ ಗುಣಮಟ್ಟ ಗೊತ್ತುಮಾಡಿತು. 1990ರಲ್ಲಿ ಸೆಕೆಂಡಿಗೆ 10 ಮೆಗಾಬಿಟ್ ಸಾಗಿಸುವ ತಿರುಚಿದ ಜೋಡಿತಂತಿ ಬಂತು, 1995ರಲ್ಲಿ 100 ಮೆಗಾಬಿಟ್, 1999ರಲ್ಲಿ ಸಾವಿರ ಮೆಗಾಬಿಟ್, ಅಂದರೆ ಗಿಗಾಬಿಟ್.

ಕಚೇರಿಗೆಂದು ಹುಟ್ಟಿದ್ದು ಈಗ ಹೊಲಕ್ಕೂ ಬಂದಿದೆ. ಕುಷ್ಟಗಿ, ಯಲಬುರ್ಗಾ ಸೀಮೆಯ ಗಾಳಿಯಂತ್ರಗಳನ್ನು ನೋಡಿ. ಇಂಥ ಯಂತ್ರಗಳ ಗೋಪುರದ ಬುಡದಲ್ಲಿ ಸ್ವಿಚ್ ಇರುತ್ತದೆ. ಯಂತ್ರದಿಂದ ಯಂತ್ರಕ್ಕೆ ಆಪ್ಟಿಕಲ್ ಫೈಬರ್ ಹೋದರೂ ಗೋಪುರದೊಳಗೆ ನಿಯಂತ್ರಕಕ್ಕೂ ಮೀಟರಿಗೂ ತಾಮ್ರದ ಈಥರ್ನೆಟ್ ಕೇಬಲ್ಲೇ ಬಳಕೆಯಲ್ಲಿದೆ. ಈ ಸೀಮೆಯ ಗಾಳಿ ವಿದ್ಯುತ್ತನ್ನು ಒಟ್ಟುಗೂಡಿಸಿ ಧಾರವಾಡ ಬಳಿಯ ನರೇಂದ್ರಕ್ಕೆ ಕಳಿಸಲು ಕೊಪ್ಪಳದಲ್ಲಿ 400 ಕಿಲೋವೋಲ್ಟಿನ ಪೂಲಿಂಗ್ ಸ್ಟೇಷನ್ ಇದೆ. ಇಂಥ ಉಪಕೇಂದ್ರಗಳ ರಿಲೇ, ಮೀಟರ್, ನಿಯಂತ್ರಣ ಕೊಠಡಿ ಇವೆಲ್ಲ ಪರಸ್ಪರ ಮಾತಾಡುವುದು ಈಥರ್ನೆಟ್ಟಿನ ಮೇಲೆ. 2011ರಲ್ಲಿ ಒಪ್ಪಿಗೆ ಪಡೆದು ಮುಂದೆ ಭಾರತ್‌ನೆಟ್ ಎಂದು ಹೆಸರು ಬದಲಿಸಿಕೊಂಡ ಯೋಜನೆಯ ಫೈಬರ್ ಪಂಚಾಯಿತಿ ಕಟ್ಟಡದಲ್ಲಿ ಒಂದು ಪೆಟ್ಟಿಗೆಗೆ ಬಂದು ಮುಗಿಯುತ್ತದೆ. ಆ ಪೆಟ್ಟಿಗೆಯಿಂದ ಕಂಪ್ಯೂಟರಿಗೆ ಮತ್ತೆ ಈಥರ್ನೆಟ್. ಗಿಣಿಗೇರಿ ಸುತ್ತಲಿನ ಉಕ್ಕು, ಸ್ಪಂಜ್ ಐರನ್ ಕಾರ್ಖಾನೆಗಳಂಥ ಕಡೆ ದೊಡ್ಡ ಮೋಟಾರುಗಳ ಪಕ್ಕದಲ್ಲೇ ಈ ಕೇಬಲ್ಲು ಹಾಯಬೇಕಾಗುತ್ತದೆ.

ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ಬಿಸಿಲು, ದೂಳು, ಏರಿಳಿಯುವ ಕರೆಂಟು, ಅಗ್ಗದ ಅಡಾಪ್ಟರ್ ಇವೆಲ್ಲದರ ನಡುವೆ ಈ ಉಪಕರಣಗಳು ಬಾಳಬೇಕು. ಪೆಟ್ಟಿಗೆಯ ಮೇಲೆ ಅಚ್ಚಾಗಿರುವ ಗುಣ ಹವಾನಿಯಂತ್ರಿತ ಕೋಣೆಯಲ್ಲಿ ಕಂಡ ಗುಣವಾಗಿರಬಹುದು. ಇಲ್ಲಿಯ ಗುಣ ಬೇಕಾದರೆ ಇಲ್ಲಿಯೇ ಅಳೆಯಬೇಕು.

ಎರಡು ಜಿಟರ್‌ಗಳು

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಆನ್‌ಲೈನ್ ತರಗತಿಯಲ್ಲಿ ಮೇಷ್ಟ್ರ ದನಿ ತುಂಡುತುಂಡಾದಾಗ "ಜಿಟರ್ ಜಾಸ್ತಿ ಇದೆ" ಎನ್ನುತ್ತಾರಲ್ಲ, ಅದು ಪ್ಯಾಕೆಟ್ಟುಗಳ ಜಿಟರ್. ಒಂದು ಪ್ಯಾಕೆಟ್ ಬೇಗ, ಇನ್ನೊಂದು ತಡವಾಗಿ ಬರುವುದು. ಅದನ್ನು ಮಿಲಿಸೆಕೆಂಡಿನಲ್ಲಿ ಎಣಿಸುತ್ತಾರೆ. ದಾರಿಯ ರೂಟರುಗಳಲ್ಲಿ ಸರದಿ ಬೆಳೆಯುವುದೇ ಅದಕ್ಕೆ ಹೆಚ್ಚಾಗಿ ಕಾರಣ. ಅದನ್ನು ಅಳೆಯಲು ಆಸಿಲೋಸ್ಕೋಪ್ ಬೇಡ, ಒಂದು ಪಿಂಗ್ ಸಾಕು.

ನಾನು ಮಾತಾಡುತ್ತಿರುವುದು ತಂತಿಯ ಮೇಲಿನ ಸಂಕೇತದ ಜಿಟರ್. ವೋಲ್ಟೇಜು ಏರುವ ಇಲ್ಲವೆ ಇಳಿಯುವ ಅಂಚು ತಾನು ಬರಬೇಕಾದ ಕ್ಷಣಕ್ಕಿಂತ ತುಸು ಮುಂಚೆಯೋ ತುಸು ತಡವಾಗಿಯೋ ಬರುವುದು. ಇದರ ಲೆಕ್ಕ ನ್ಯಾನೋಸೆಕೆಂಡಿನಲ್ಲಿ, ಎಷ್ಟೋ ಸಲ ಪಿಕೋಸೆಕೆಂಡಿನಲ್ಲಿ. ಒಂದು ಮಿಲಿಸೆಕೆಂಡಿಗೆ ಹತ್ತು ಲಕ್ಷ ನ್ಯಾನೋಸೆಕೆಂಡು. ಈ ಎರಡು ಜಿಟರ್‌ಗಳ ನಡುವೆ ನೇರ ನಂಟಿಲ್ಲ, ಒಂದು ಬಳಸುದಾರಿಯ ನಂಟಿದೆ. ಸಂಕೇತದ ಅಂಚು ಅತಿಯಾಗಿ ಅಲುಗಿದರೆ ಸ್ವೀಕರಿಸುವ ಚಿಪ್ಪು ಬಿಟ್ಟನ್ನು ತಪ್ಪಾಗಿ ಓದುತ್ತದೆ. ಫ್ರೇಮಿನ ಕೊನೆಯಲ್ಲಿರುವ 32 ಬಿಟ್‌ಗಳ ತಾಳೆ (ಸಿಆರ್‌ಸಿ) ಹೊಂದುವುದಿಲ್ಲ. ಇಡೀ ಫ್ರೇಮನ್ನು ಬಿಸಾಡಲಾಗುತ್ತದೆ. ಕಳಿಸಿದವರು ಮತ್ತೆ ಕಳಿಸಬೇಕು. ಬಳಸುವವರ ಕಣ್ಣಿಗೆ ಇದು "ನೆಟ್ ನಿಧಾನ" ಎಂದಷ್ಟೇ ಕಾಣುತ್ತದೆ.

ಸಾಲು ನಾಟಿಯ ಹಗ್ಗ

ಗಂಗಾವತಿಯ ಭತ್ತದ ಗದ್ದೆಯಲ್ಲಿ ಸಾಲು ನಾಟಿ ಮಾಡುವಾಗ ಗುರುತು ಹಾಕಿದ ಹಗ್ಗವನ್ನು ಎಳೆದು ಕಟ್ಟುತ್ತಾರೆ. ಪ್ರತಿ ಗುರುತಿಗೆ ಒಂದು ಸಸಿ. ಕೈ ಅತ್ತಿತ್ತ ಆಗಿ ಸಸಿ ಗುರುತಿನಿಂದ ಎಷ್ಟು ದೂರ ಬಿತ್ತು ಎಂಬುದು ಒಂದು ಅಳತೆ. ಪಕ್ಕಪಕ್ಕದ ಎರಡು ಸಸಿಗಳ ನಡುವಿನ ಅಂತರ ಇನ್ನೊಂದು. ಒಂದು ಅಂತರಕ್ಕೂ ಅದರ ಮುಂದಿನ ಅಂತರಕ್ಕೂ ಎಷ್ಟು ವ್ಯತ್ಯಾಸ ಎಂಬುದು ಮೂರನೆಯದು. ಜಿಟರಿನಲ್ಲೂ ಇವೇ ಮೂರು ಅಳತೆಗಳಿವೆ. ಆದರ್ಶ ಗಡಿಯಾರದ ಗುರುತಿನಿಂದ ಅಂಚು ಸರಿದ ದೂರ, ಒಂದು ಸುತ್ತಿನ ಅವಧಿಯಲ್ಲಿ ಆಗುವ ಏರುಪೇರು, ಒಂದು ಸುತ್ತಿಗೂ ಅದರ ಮುಂದಿನ ಸುತ್ತಿಗೂ ಇರುವ ವ್ಯತ್ಯಾಸ. ಮೂರೂ ಬೇರೆಬೇರೆ ಅಂಕಿ ಕೊಡುತ್ತವೆ. ವರದಿಯಲ್ಲಿ ಬರೀ "ಜಿಟರ್ ಇಷ್ಟು" ಎಂದಿದ್ದರೆ ಯಾವ ಜಿಟರ್ ಎಂದು ಕೇಳಲೇಬೇಕು.

ಇಲ್ಲಿ ಒಂದು ತೊಡಕಿದೆ. ಈಥರ್ನೆಟ್ ಕೇಬಲ್ಲಿನಲ್ಲಿ ಹಗ್ಗ ಕಾಣುವುದಿಲ್ಲ, ಸಸಿಗಳಷ್ಟೇ ಕಾಣುತ್ತವೆ. ಗಡಿಯಾರಕ್ಕೆಂದು ಬೇರೆ ತಂತಿಯಿಲ್ಲ. ಸ್ವೀಕರಿಸುವ ಚಿಪ್ಪು ಬಂದ ಅಂಚುಗಳನ್ನೇ ನೋಡಿ, ಹಗ್ಗ ಎಲ್ಲಿದ್ದಿರಬೇಕು ಎಂದು ಊಹಿಸಿಕೊಳ್ಳುತ್ತದೆ. ಆಸಿಲೋಸ್ಕೋಪೂ ಅದನ್ನೇ ಮಾಡಬೇಕು. ಹಗ್ಗವೇ ನಿಧಾನಕ್ಕೆ ಒಂದು ಕಡೆ ವಾಲಿದರೆ ಚಿಪ್ಪು ಅದರ ಜತೆಗೇ ವಾಲುತ್ತದೆ, ತೊಂದರೆಯಿಲ್ಲ. ಬೇಗಬೇಗ ಆಗುವ ಅಲುಗಾಟವನ್ನು ಅದು ಹಿಂಬಾಲಿಸಲಾರದು, ತಪ್ಪುವುದು ಅಲ್ಲೇ. ಆದ್ದರಿಂದ 802.3 ಗುಣಮಟ್ಟದ ಪುಸ್ತಕ ನಿಧಾನದ ಅಲುಗಾಟವನ್ನು ಸೋಸಿ ತೆಗೆದು, ಉಳಿದದ್ದಕ್ಕೆ ಬಿಗಿಯಾದ ಮಿತಿ ಹಾಕುತ್ತದೆ.

ಪುಸ್ತಕ ಹೇಳುವ ಅಂಕಿ

10 ಮೆಗಾಬಿಟ್ಟಿನ ಈಥರ್ನೆಟ್ಟಿನಲ್ಲಿ ಒಂದು ಬಿಟ್ಟಿಗೆ 100 ನ್ಯಾನೋಸೆಕೆಂಡು. ಮ್ಯಾಂಚೆಸ್ಟರ್ ಎಂಬ ಬರವಣಿಗೆಯಲ್ಲಿ ಪ್ರತಿ ಬಿಟ್ಟಿನ ನಡುವೆ ಒಂದು ಅಂಚು ಖಚಿತವಾಗಿ ಇರುತ್ತದೆ. ಕಲಿಯುವವರಿಗೆ ಇದು ಒಳ್ಳೆಯ ಮೊದಲ ಪಾಠ.

100 ಮೆಗಾಬಿಟ್ಟಿನದರಲ್ಲಿ ಸೆಕೆಂಡಿಗೆ 12.5 ಕೋಟಿ ಸಂಜ್ಞೆಗಳು ಹೋಗುತ್ತವೆ, ಒಂದೊಂದಕ್ಕೂ 8 ನ್ಯಾನೋಸೆಕೆಂಡು. ವೋಲ್ಟೇಜಿಗೆ ಮೂರು ಮೆಟ್ಟಿಲು: ಸುಮಾರು ಒಂದು ವೋಲ್ಟು ಮೇಲೆ, ಸೊನ್ನೆ, ಒಂದು ವೋಲ್ಟು ಕೆಳಗೆ. ಅಂಚು 3ರಿಂದ 5 ನ್ಯಾನೋಸೆಕೆಂಡಿನೊಳಗೆ ಏರಬೇಕು. ಕಳಿಸುವ ಕಡೆಯ ಒಟ್ಟು ಜಿಟರ್, ತುದಿಯಿಂದ ತುದಿಗೆ (ಪೀಕ್-ಟು-ಪೀಕ್), 1.4 ನ್ಯಾನೋಸೆಕೆಂಡು ಮೀರಬಾರದು. ಅಂದರೆ ಒಂದು ಸಂಜ್ಞೆಯ ಅವಧಿಯಲ್ಲಿ ನೂರಕ್ಕೆ ಹದಿನೇಳೂವರೆ ಪಾಲು. ತಾಮ್ರದ ಜೋಡಿತಂತಿಯಲ್ಲಿ ಸಂಕೇತ ಒಂದು ನ್ಯಾನೋಸೆಕೆಂಡಿಗೆ ಹತ್ತಿರಹತ್ತಿರ 20 ಸೆಂಟಿಮೀಟರ್ ಓಡುತ್ತದೆ. ಆ ಲೆಕ್ಕದಲ್ಲಿ 1.4 ನ್ಯಾನೋಸೆಕೆಂಡು ಎಂದರೆ ಒಂದಡಿಗೂ ಕಡಿಮೆ ಉದ್ದ.

ಗಿಗಾಬಿಟ್ಟಿನಲ್ಲಿ ನಾಲ್ಕು ಜೋಡಿ ತಂತಿಗಳೂ ದುಡಿಯುತ್ತವೆ. ಒಂದೊಂದರಲ್ಲೂ ಅದೇ 12.5 ಕೋಟಿ ಸಂಜ್ಞೆ, ಆದರೆ ವೋಲ್ಟೇಜಿಗೆ ಐದು ಮೆಟ್ಟಿಲು, ಅದೂ ಎರಡೂ ದಿಕ್ಕಿಗೆ ಏಕಕಾಲಕ್ಕೆ. ಒಂದು ತುದಿ ಯಜಮಾನ, ಅದರ ಗಡಿಯಾರವನ್ನು ಇನ್ನೊಂದು ತುದಿ ಅನುಸರಿಸುತ್ತದೆ. ಯಜಮಾನನ ಗಡಿಯಾರದ ಜಿಟರ್ 1.4 ನ್ಯಾನೋಸೆಕೆಂಡಿನೊಳಗಿರಬೇಕು. 5 ಕಿಲೋಹರ್ಟ್ಸ್‌ಗಿಂತ ನಿಧಾನದ ಅಲುಗಾಟ ಸೋಸಿ, ಪೋರ್ಟಿನ ಬಾಯಲ್ಲಿ ಕಂಡ ಜಿಟರನ್ನು ಅದಕ್ಕೆ ಕೂಡಿಸಿದರೂ 0.3 ನ್ಯಾನೋಸೆಕೆಂಡಿಗಿಂತ ಕಡಿಮೆ ಇರಬೇಕು. ಇಷ್ಟು ಕಟ್ಟಿದರೂ ತಪ್ಪು ಪೂರ್ತಿ ನಿಲ್ಲುವುದಿಲ್ಲ. ಸಾವಿರ ಕೋಟಿ ಬಿಟ್ಟಿಗೆ ಒಂದು ತಪ್ಪಿನವರೆಗೆ ಪುಸ್ತಕ ಒಪ್ಪುತ್ತದೆ. ಪೂರ್ತಿ ವೇಗದಲ್ಲಿ ಅದು ಹತ್ತು ಸೆಕೆಂಡಿಗೆ ಒಂದು ತಪ್ಪು.

ಅಳೆಯುವ ಕ್ರಮ

ಉಪಕರಣ ಮೇಜಿನ ಮೇಲಿದೆ, ಆಸಿಲೋಸ್ಕೋಪ್ ಪಕ್ಕದಲ್ಲಿದೆ ಎಂದುಕೊಳ್ಳಿ.

100 ಮೆಗಾಬಿಟ್ ಪೋರ್ಟಿನಿಂದ ಶುರುಮಾಡೋಣ. ಆಚೆ ಬದಿ ಯಾರೂ ಇಲ್ಲದಿದ್ದರೆ ಪೋರ್ಟು ಪೂರ್ತಿ ಸಂಕೇತ ಕಳಿಸುವುದಿಲ್ಲ, "ಯಾರಿದ್ದೀರಿ" ಎಂದು ಕೇಳುವ ಸಣ್ಣ ಸ್ಪಂದಗಳನ್ನಷ್ಟೇ ಬಿಡುತ್ತಿರುತ್ತದೆ. ಆದ್ದರಿಂದ ಸ್ವಯಂಚಾಲಿತ ಮಾತುಕತೆಯನ್ನು ನಿಲ್ಲಿಸಿ 100ಕ್ಕೇ ಕಟ್ಟಿಹಾಕಬೇಕು. ಜೋಡಿತಂತಿಗಳನ್ನು ತಾನಾಗಿ ಅದಲುಬದಲು ಮಾಡುವ ವ್ಯವಸ್ಥೆಯನ್ನೂ ನಿಲ್ಲಿಸಬೇಕು. ಇಲ್ಲವಾದರೆ ನೀವು ಪ್ರೋಬ್ ಇಟ್ಟ ಜೋಡಿಯಲ್ಲಿ ಸಂಕೇತವೇ ಇರದಿರಬಹುದು. ಕಳಿಸುವ ಜೋಡಿಗೆ 100 ಓಮಿನ ಭಾರ ಹಾಕಿ, ಅದರ ಎರಡೂ ತಂತಿಗಳಿಗೆ ಡಿಫರೆನ್ಷಿಯಲ್ ಪ್ರೋಬ್ ಕಚ್ಚಿಸಬೇಕು. ಒಂದು ತಂತಿಗೂ ಭೂಮಿಗೂ ನಡುವೆ ಸಾಮಾನ್ಯ ಪ್ರೋಬ್ ಹಾಕಿ ಅಳೆದರೆ, ಎರಡು ತಂತಿಗೂ ಸಮನಾಗಿ ಬಡಿದಿರುವ ಸದ್ದು (ನಾಯ್ಸ್) ಲೆಕ್ಕದೊಳಕ್ಕೆ ನುಗ್ಗುತ್ತದೆ.

ಈಗ ಪರದೆಯ ಮೇಲೆ ಸಾವಿರಾರು ಸಂಜ್ಞೆಗಳನ್ನು ಒಂದರ ಮೇಲೊಂದು ಹೇರಿದರೆ ಕಣ್ಣಿನಾಕಾರದ ಚಿತ್ರ ಮೂಡುತ್ತದೆ. ಮೂರು ಮೆಟ್ಟಿಲಿನ ಸಂಕೇತವಾದ್ದರಿಂದ ಮೇಲೊಂದು, ಕೆಳಗೊಂದು ಕಣ್ಣು. ಗೆರೆಗಳು ಹಾಯುವ ಜಾಗದಲ್ಲಿ ಎಷ್ಟು ದಪ್ಪಗಾಗಿವೆಯೋ ಅಷ್ಟು ಜಿಟರ್. ಆ ಜಾಗದಲ್ಲಿ ಒಂದು ಹಿಸ್ಟೋಗ್ರಾಂ ತೆಗೆದರೆ ಅಂಕಿ ಸಿಗುತ್ತದೆ.

ಟ್ರಿಗರ್ ಹಾಕಿದ ಅಂಚನ್ನೇ ನೋಡಿ "ಅಲುಗುತ್ತಲೇ ಇಲ್ಲ" ಎಂದು ಹಿಗ್ಗುವುದು ಹೊಸಬರು ಬೀಳುವ ಹಳ್ಳ. ಆಸಿಲೋಸ್ಕೋಪ್ ಪ್ರತಿ ಸಲ ಆ ಅಂಚನ್ನೇ ಒಂದೇ ಜಾಗಕ್ಕೆ ತಂದು ನಿಲ್ಲಿಸುವುದರಿಂದ ಅದು ಯಾವತ್ತೂ ಸ್ಥಿರವಾಗಿಯೇ ಕಾಣುತ್ತದೆ. ಅದರ ಅಲುಗಾಟ ಪಕ್ಕದ ಅಂಚುಗಳ ಲೆಕ್ಕಕ್ಕೆ ಸೇರಿಹೋಗಿರುತ್ತದೆ. ಆದ್ದರಿಂದ ಉದ್ದದ ಒಂದು ದಾಖಲೆ ಹಿಡಿದು, ಅದರಿಂದ ಗಡಿಯಾರ ಕಟ್ಟಿಕೊಂಡು, ಪ್ರತಿ ಅಂಚೂ ಗುರುತಿನಿಂದ ಎಷ್ಟು ಸರಿದಿದೆ ಎಂದು ಎಣಿಸುವುದು ಸರಿಯಾದ ಕ್ರಮ.

ಗಿಗಾಬಿಟ್ಟಿಗೆ ಈ ದಾರಿ ಸಾಲದು. ಎರಡೂ ದಿಕ್ಕಿನ ಸಂಕೇತ ಒಂದೇ ಜೋಡಿಯ ಮೇಲೆ ಬೆರೆತಿರುವಾಗ ಯಾವುದು ಯಾರದೆಂದು ಪ್ರೋಬ್ ಹೇಳಲಾರದು. ಅದಕ್ಕೆಂದೇ ಪುಸ್ತಕ ನಾಲ್ಕು ಪರೀಕ್ಷಾ ಸ್ಥಿತಿಗಳನ್ನು ಇಟ್ಟಿದೆ. ಚಿಪ್ಪಿನ 9ನೇ ರಿಜಿಸ್ಟರಿನ ಮೇಲಿನ ಮೂರು ಬಿಟ್ಟುಗಳನ್ನು ಬದಲಿಸಿದರೆ ಪೋರ್ಟು ಆ ಸ್ಥಿತಿಗೆ ಹೋಗುತ್ತದೆ. ಎರಡನೆಯ ಸ್ಥಿತಿ ಜಿಟರಿಗಾಗಿ: ಅತಿ ಮೇಲಿನ ಮೆಟ್ಟಿಲು, ಅತಿ ಕೆಳಗಿನ ಮೆಟ್ಟಿಲು ಎಂದು ಒಂದಾದ ಮೇಲೊಂದು ಕಳಿಸುತ್ತಲೇ ಇರುತ್ತದೆ. ಪರದೆಯಲ್ಲಿ 62.5 ಮೆಗಾಹರ್ಟ್ಸ್‌ನ ಅಲೆ ಕಾಣುತ್ತದೆ. ಚಿಪ್ಪಿನ ಒಳಗಿನ ಕಳಿಸುವ ಗಡಿಯಾರವನ್ನು ಎಷ್ಟೋ ಉಪಕರಣಗಳು ಹೊರಗೆ ತಂದಿರುವುದಿಲ್ಲ. ಆಗ ಪೋರ್ಟಿನ ಬಾಯಿಯ ಜಿಟರನ್ನಷ್ಟೇ ಅಳೆಯಲಾಗುತ್ತದೆ. ಹಾಗೆ ಅಳೆದಾಗ ವರದಿಯಲ್ಲಿ ಹಾಗೆಂದೇ ಬರೆಯಬೇಕು.

ಅಳೆಯುವ ಯಂತ್ರದ ಪಾಲು

ಆಸಿಲೋಸ್ಕೋಪು ಕೂಡ ಒಂದು ಎಲೆಕ್ಟ್ರಾನಿಕ್ ಉಪಕರಣವೇ. ಅದಕ್ಕೂ ತನ್ನದೇ ಜಿಟರ್ ಇದೆ, ತನ್ನದೇ ಸದ್ದು ಇದೆ. ಎಲ್ಲರಿಗೂ ಗೊತ್ತಿರುವ ಲೆಕ್ಕವೆಂದರೆ, 0.35ನ್ನು ಬ್ಯಾಂಡ್‌ವಿಡ್ತ್‌ನಿಂದ ಭಾಗಿಸಿದರೆ ಯಂತ್ರದ ಸ್ವಂತ ಏರಿಕೆಯ ಸಮಯ ಬರುತ್ತದೆ. ಕಾಲೇಜುಗಳಲ್ಲಿ ಸಾಮಾನ್ಯವಾಗಿ ಸಿಗುವ 100 ಮೆಗಾಹರ್ಟ್ಸ್ ಯಂತ್ರಕ್ಕೆ ಅದು 3.5 ನ್ಯಾನೋಸೆಕೆಂಡು. ಅಳೆಯಬೇಕಾದ ಅಂಚು 3ರಿಂದ 5ರಷ್ಟಿರುವಾಗ ಇಂಥ ಯಂತ್ರ ಅಂಚನ್ನು ಮಬ್ಬು ಮಾಡಿಯೇ ತೋರಿಸುತ್ತದೆ. ಒಂದು ಗಿಗಾಹರ್ಟ್ಸ್ ಯಂತ್ರಕ್ಕೆ ಅದು 0.35 ನ್ಯಾನೋಸೆಕೆಂಡು. ಗಿಗಾಬಿಟ್ ಪರೀಕ್ಷೆಗೆ ಆ ದರ್ಜೆಯ ಯಂತ್ರ ಕೇಳುವುದು ಇದಕ್ಕಾಗಿ.

ಇನ್ನೊಂದು ಸೂಕ್ಷ್ಮವಿದೆ. ವೋಲ್ಟೇಜಿನ ಸದ್ದು ಸಮಯದ ತಪ್ಪಾಗಿ ಬದಲಾಗುತ್ತದೆ. ಅಂಚು ನ್ಯಾನೋಸೆಕೆಂಡಿಗೆ 0.2 ವೋಲ್ಟಿನಂತೆ ಏರುತ್ತಿದ್ದರೆ, 10 ಮಿಲಿವೋಲ್ಟಿನ ಸದ್ದು ಅಂಚಿನ ಸಮಯವನ್ನು 50 ಪಿಕೋಸೆಕೆಂಡು ಅತ್ತಿತ್ತ ಮಾಡುತ್ತದೆ. ಎಂಟು ಬಿಟ್ಟಿನ ಯಂತ್ರ ಪರದೆಯ ಎತ್ತರವನ್ನು 256 ಮೆಟ್ಟಿಲಾಗಿ ಒಡೆಯುತ್ತದೆ. ಸಂಕೇತವನ್ನು ಪರದೆಯ ಕಾಲುಭಾಗದಲ್ಲಿ ಸಣ್ಣದಾಗಿ ಇಟ್ಟುಕೊಂಡು ಅಳೆದರೆ ಮುಕ್ಕಾಲು ಮೆಟ್ಟಿಲು ಹಾಳು. ಸಂಕೇತ ಪರದೆ ತುಂಬುವಂತೆ ಇಟ್ಟುಕೊಳ್ಳಿ. ಇದಕ್ಕೆ ದುಡ್ಡು ಬೇಕಾಗಿಲ್ಲ, ಶಿಸ್ತು ಸಾಕು.

ಯಂತ್ರದ ಪಾಲನ್ನು ಕಳೆಯುವ ಲೆಕ್ಕವೂ ಇದೆ. ಯಾದೃಚ್ಛಿಕ ಜಿಟರ್‌ಗಳು ವರ್ಗಗಳಾಗಿ ಕೂಡುತ್ತವೆ. ಅಳೆದದ್ದು 5 ಪಿಕೋಸೆಕೆಂಡು, ಯಂತ್ರದ್ದೇ 3 ಎಂದಾದರೆ ಉಪಕರಣದ್ದು 2 ಅಲ್ಲ, 4. ಆದರೆ ಈ ಲೆಕ್ಕ ಮಾನಕ ವಿಚಲನೆಗೆ ಮಾತ್ರ ಸಲ್ಲುತ್ತದೆ, ತುದಿಯಿಂದ ತುದಿಯ ಅಂಕಿಗೆ ಸಲ್ಲದು.

ತುದಿಯಿಂದ ತುದಿಯ ಅಂಕಿಗೆ ಬೇರೊಂದು ಗುಣವಿದೆ. ಯಾದೃಚ್ಛಿಕ ಜಿಟರಿಗೆ ಮೇಲ್ಮಿತಿ ಎಂಬುದಿಲ್ಲ. ಸಾವಿರ ಅಂಚು ನೋಡಿದಾಗ ಒಂದು ಅಂಕಿ, ಹತ್ತು ಲಕ್ಷ ನೋಡಿದಾಗ ಅದಕ್ಕಿಂತ ದೊಡ್ಡ ಅಂಕಿ. ಲಕ್ಷ ಕೋಟಿಗೆ ಒಂದು ತಪ್ಪಿನ ಮಟ್ಟಕ್ಕೆ ಲೆಕ್ಕ ಹಾಕುವವರು ಮಾನಕ ವಿಚಲನೆಯನ್ನು ಸುಮಾರು ಹದಿನಾಲ್ಕರಿಂದ ಗುಣಿಸುತ್ತಾರೆ. ಹಾಗಾಗಿ ಎಷ್ಟು ಅಂಚು ನೋಡಿದಿರಿ ಎಂದು ಹೇಳದ ಜಿಟರ್ ಅಂಕಿ ಅರ್ಧ ಅಂಕಿ. ಮಾರುವವರು ಚಿಕ್ಕ ಸಂಖ್ಯೆ ತೋರಿಸಬೇಕೆಂದರೆ ಬೇಗ ಅಳತೆ ನಿಲ್ಲಿಸಿದರೆ ಆಯಿತು.

ಕಾರಣ ಹುಡುಕುವುದು

ಅಂಕಿ ಸಿಕ್ಕಿದ ಮೇಲೆ ಕಾರಣದ ಕೆಲಸ. ಹಿಸ್ಟೋಗ್ರಾಂ ಗಂಟೆಯಾಕಾರದಲ್ಲಿ ಒಂದೇ ದಿಬ್ಬವಾಗಿದ್ದರೆ ಅದು ಬಹುಮಟ್ಟಿಗೆ ಬಿಡಿಭಾಗಗಳ ಉಷ್ಣದ ಸದ್ದು. ಎರಡು ದಿಬ್ಬಗಳಾಗಿ ಒಡೆದಿದ್ದರೆ ನಿಶ್ಚಿತವಾದ ಕಾರಣವೊಂದು ಒಳಗೆ ಕೂತಿದೆ. ಏರುವ ಅಂಚಿಗೂ ಇಳಿಯುವ ಅಂಚಿಗೂ ಸಮಯ ಹೊಂದದಿರಬಹುದು. ಹಿಂದಿನ ಸಂಜ್ಞೆಗಳ ಉಳಿಕೆ ಮುಂದಿನದನ್ನು ತಳ್ಳುತ್ತಿರಬಹುದು. ನೂರು ಮೀಟರ್ ಕೇಬಲ್ಲಿನಲ್ಲಿ ಒಂದೇ ಗಳಿಗೆಗೆ ಅರವತ್ತರಷ್ಟು ಸಂಜ್ಞೆಗಳು ಸಾಲಾಗಿ ಓಡುತ್ತಿರುತ್ತವೆ, ಆದ್ದರಿಂದ ಇದು ಕೇಬಲ್ಲಿನ ಕಾಯಿಲೆಯೂ ಆಗಿರಬಹುದು.

ನಮ್ಮ ಕಡೆ ಎಲ್ಲಕ್ಕಿಂತ ಮೊದಲು ಸಂಶಯಪಡಬೇಕಾದದ್ದು ಕರೆಂಟು ಕೊಡುವ ಅಡಾಪ್ಟರನ್ನು. ಅದರ ಒಳಗಿನ ಸ್ವಿಚಿಂಗ್ ಸೆಕೆಂಡಿಗೆ ಲಕ್ಷಾಂತರ ಸಲ ನಡೆಯುತ್ತದೆ. ಸೋಸುವ ಕೆಪಾಸಿಟರ್ ಬಿಸಿಲಿಗೆ ಒಣಗಿ ಬಡವಾದರೆ ಆ ಏರಿಳಿತ ನೇರ ಚಿಪ್ಪಿನ ಗಡಿಯಾರಕ್ಕೆ ತಾಗುತ್ತದೆ. ಅಂಚುಗಳು ಸರಿದ ದೂರವನ್ನು ಸಾಲಾಗಿ ಬರೆದು ಅದರ ಆವರ್ತನ ಚಿತ್ರ ತೆಗೆಯಿರಿ. ಅಡಾಪ್ಟರಿನ ಆವರ್ತನದಲ್ಲೇ ಒಂದು ಮೊನೆ ಎದ್ದಿದ್ದರೆ ಕಳ್ಳ ಸಿಕ್ಕಿದ ಹಾಗೆ. ಅಡಾಪ್ಟರ್ ತೆಗೆದು ಬ್ಯಾಟರಿ ಕೊಟ್ಟು ಮತ್ತೆ ಅಳೆಯಿರಿ. ಮೊನೆ ಮಾಯವಾದರೆ ಬದಲಿಸಬೇಕಾದದ್ದು ಸ್ವಿಚ್ಚಲ್ಲ, ಅಡಾಪ್ಟರ್. ಸಾವಿರಾರು ರೂಪಾಯಿಯ ಪೆಟ್ಟಿಗೆಯನ್ನು ಗುಜರಿಗೆ ಹಾಕುವುದು ತಪ್ಪುತ್ತದೆ.

ಎಲ್ಲಿ ಅಳೆಯಬೇಕು ಎಂಬುದೂ ತಿಳಿದಿರಲಿ. ಸಾಮಾನ್ಯ ಈಥರ್ನೆಟ್ಟಿನಲ್ಲಿ ಪ್ರತಿ ಸ್ವಿಚ್ಚೂ ಫ್ರೇಮನ್ನು ಒಳಗೆ ತೆಗೆದುಕೊಂಡು ತನ್ನದೇ ಹರಳಿನ ಗಡಿಯಾರದಿಂದ ಮತ್ತೆ ಕಳಿಸುತ್ತದೆ. ಒಂದರ ಜಿಟರ್ ಮುಂದಿನದಕ್ಕೆ ದಾಟುವುದಿಲ್ಲ. ಗಾಳಿಯಂತ್ರಗಳ ಸಾಲಿನಲ್ಲಿ ಮೂರನೆಯ ಗೋಪುರದ ಕಾಯಿಲೆಯನ್ನು ಒಂಬತ್ತನೆಯದರಲ್ಲಿ ಹುಡುಕಬೇಕಾಗಿಲ್ಲ. ಪ್ರತಿ ಪೋರ್ಟಿನ ಸಿಆರ್‌ಸಿ ಎರರ್ ಎಣಿಕೆಯನ್ನು ಸ್ವಿಚ್ಚೇ ಬರೆದಿಟ್ಟಿರುತ್ತದೆ. ಎಲ್ಲಿ ಎಂಬುದನ್ನು ಆ ಎಣಿಕೆ ಹೇಳುತ್ತದೆ, ಯಾಕೆ ಎಂಬುದನ್ನು ಆಸಿಲೋಸ್ಕೋಪ್ ಹೇಳುತ್ತದೆ.

ಗಡಿಯಾರವನ್ನೇ ಸ್ವಿಚ್ಚಿನಿಂದ ಸ್ವಿಚ್ಚಿಗೆ ಸಾಗಿಸುವ ಜಾಲಗಳಲ್ಲಿ ಮಾತ್ರ ಜಿಟರ್ ಕೂಡುತ್ತಾ ಹೋಗಬಹುದು. ವಿದ್ಯುತ್ ಉಪಕೇಂದ್ರಗಳಲ್ಲಿ ಸಮಯ ಹೊಂದಿಸಲು ಐಇಇಇ 1588 ಎಂಬ ಕ್ರಮ ಬಳಕೆಗೆ ಬಂದಿದೆ, ಅಲ್ಲಿ ಕೇಳುವುದು ಒಂದು ಮೈಕ್ರೋಸೆಕೆಂಡಿನ ಒಳಗಿನ ಹೊಂದಾಣಿಕೆ. ಐವತ್ತು ಹರ್ಟ್ಸ್ ವಿದ್ಯುತ್ತಿನಲ್ಲಿ ಒಂದು ಮೈಕ್ರೋಸೆಕೆಂಡು ತಪ್ಪಿದರೆ 0.018 ಡಿಗ್ರಿ ಕೋನ ತಪ್ಪುತ್ತದೆ. ಕೊಪ್ಪಳದಂಥ ವಿದ್ಯುತ್ ಜಿಲ್ಲೆಯ ಹುಡುಗರು ಮುಂದೆ ಕೆಲಸ ಮಾಡುವುದು ಈ ಲೆಕ್ಕದ ನಡುವೆಯೇ.

ಒಂದು ಮೇಜು, ಒಂದು ಯಂತ್ರ, ಒಂದು ದಫ್ತರ

ಈಗ ಇಂಥ ಪರೀಕ್ಷೆ ಬೇಕೆಂದರೆ ನಾವು ಬೆಂಗಳೂರಿನ ಕಡೆ ನೋಡುತ್ತೇವೆ. ಅಲ್ಲಿ 1960ರಲ್ಲಿ ಶುರುವಾದ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ ಇದೆ, ಕೇಂದ್ರ ಸರ್ಕಾರದ ಎಲೆಕ್ಟ್ರಾನಿಕ್ಸ್ ಪರೀಕ್ಷಾ ಕೇಂದ್ರ ಇದೆ. ಪ್ರಮಾಣಪತ್ರಕ್ಕೆ ಅಲ್ಲಿಗೇ ಹೋಗಬೇಕು, ಸರಿ. ಆದರೆ ರೋಗ ಪತ್ತೆಗೆ ಪ್ರಮಾಣಪತ್ರ ಬೇಡ.

ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ಒಂದು ಸಣ್ಣ ರಾಜ್ಯ. ಅದರ ವಿಶ್ವವಿದ್ಯಾಲಯದಲ್ಲಿ 1988ರಲ್ಲಿ ಒಂದು ಪರಸ್ಪರ ಹೊಂದಾಣಿಕೆಯ ಪ್ರಯೋಗಾಲಯ ಶುರುವಾಯಿತು. ಈಥರ್ನೆಟ್ ಉಪಕರಣ ಮಾಡುವ ದೊಡ್ಡ ಕಂಪನಿಗಳು ತಮ್ಮ ಪೆಟ್ಟಿಗೆಗಳನ್ನು ಅಲ್ಲಿಗೆ ಕಳಿಸುತ್ತವೆ. ಅಲ್ಲಿ ಪ್ರೋಬ್ ಹಿಡಿಯುವವರಲ್ಲಿ ಬಹಳಷ್ಟು ಜನ ಪದವಿ ಓದುವ ಹುಡುಗ ಹುಡುಗಿಯರು. ಯಾವ ಪರೀಕ್ಷೆ, ಯಾವ ಕ್ರಮ, ಯಾವ ಮಿತಿ ಎಂದು ಆ ಪ್ರಯೋಗಾಲಯ ಬರೆದ ಕಡತಗಳನ್ನು ಲೋಕವೆಲ್ಲ ಓದುತ್ತದೆ.

ಗಂಗಾವತಿಯಲ್ಲೂ ತಳಕಲ್‌ನಲ್ಲೂ ಸರ್ಕಾರಿ ಎಂಜಿನಿಯರಿಂಗ್ ಕಾಲೇಜುಗಳಿವೆ. ಜಿಲ್ಲೆಯಲ್ಲಿ ಪಾಲಿಟೆಕ್ನಿಕ್‌ಗಳಿವೆ. ದತ್ತಿದಾನಿಗಳ ಮುಂದೆಯೂ ಕಾಲೇಜಿನ ಹಿರಿಯರ ಮುಂದೆಯೂ ನನ್ನದೊಂದು ಬಿನ್ನಹ. ಎರಡು ಹೆಜ್ಜೆಯಲ್ಲಿ ಹೋಗೋಣ. ಮೊದಲು, ಕೈಯಲ್ಲಿರುವ 100 ಮೆಗಾಹರ್ಟ್ಸ್ ಯಂತ್ರದಲ್ಲೇ 10 ಮೆಗಾಬಿಟ್ ಪೋರ್ಟಿನ ಸಂಕೇತ ಹಿಡಿದು ಹಿಸ್ಟೋಗ್ರಾಂ ತೆಗೆಯುವುದನ್ನು ಪ್ರತಿ ವಿದ್ಯಾರ್ಥಿಗೂ ಕಲಿಸೋಣ. 100 ನ್ಯಾನೋಸೆಕೆಂಡಿನ ಬಿಟ್ಟಿಗೆ ಆ ಯಂತ್ರ ಸಾಕು. ಆಮೇಲೆ, ಜಿಲ್ಲೆಗೆ ಒಂದರಂತೆ ಒಂದು ಗಿಗಾಹರ್ಟ್ಸ್ ಯಂತ್ರವನ್ನು ಡಿಫರೆನ್ಷಿಯಲ್ ಪ್ರೋಬಿನ ಸಮೇತ ತಂದು, ಕ್ರಮವಾಗಿ ಕ್ಯಾಲಿಬ್ರೇಷನ್ ಮಾಡಿಸುತ್ತಾ ಇಟ್ಟುಕೊಳ್ಳೋಣ. ಪಂಚಾಯಿತಿಯಿಂದಲೋ ಗಾಳಿಯಂತ್ರದ ಗೋಪುರದಿಂದಲೋ ಬಿಚ್ಚಿ ತಂದ ಸ್ವಿಚ್ಚನ್ನು ಗುಜರಿಗೆ ಹೋಗುವ ಮುಂಚೆ ಆ ಮೇಜಿನ ಮೇಲಿಡೋಣ.

ಯಂತ್ರಕ್ಕಿಂತ ಹೆಚ್ಚಾಗಿ ಬೇಕಾದದ್ದು ಒಂದು ದಫ್ತರ. ಉಪಕರಣ ಯಾವ ಊರಿಂದ ಬಂತು, ಎಷ್ಟು ಬೇಸಿಗೆ ಕಂಡಿತ್ತು, ಯಾವ ಜಿಟರ್ ಅಳೆದೆವು, ಎಷ್ಟು ಅಂಚು ನೋಡಿದೆವು, ಆ ದಿನ ಕೋಣೆಯ ಬಿಸಿ ಎಷ್ಟು, ಯಂತ್ರದ ಸ್ವಂತ ಪಾಲು ಎಷ್ಟು, ಮಿತಿಗೆ ಇನ್ನೆಷ್ಟು ಉಳಿದಿತ್ತು. ಹೀಗೆ ಕನ್ನಡದಲ್ಲೇ ಬರೆದಿಡಲಿ. ಕೆಲವು ವರ್ಷ ಇದನ್ನು ಬಿಡದೆ ನಡೆಸಿದರೆ, ಎರೆಸೀಮೆಯ ಬಿಸಿಲಿನಲ್ಲಿ ಯಾವ ಬಗೆಯ ಉಪಕರಣ ತಾಳುತ್ತದೆ, ಯಾವುದು ಮೊದಲು ಸೋಲುತ್ತದೆ ಎಂಬುದನ್ನು ಮಾರುವವರಿಂದ ಕೇಳಬೇಕಾಗಿಲ್ಲ. ಟೆಂಡರಿನ ಷರತ್ತನ್ನು ನಾವೇ ಬರೆಯಬಹುದು, ಬಂದ ಮಾಲನ್ನು ನಾವೇ ಅಳೆದು ಒಪ್ಪಿಸಿಕೊಳ್ಳಬಹುದು, ಒಪ್ಪದಿದ್ದರೆ ಅಂಕಿ ತೋರಿಸಿ ವಾಪಸು ಕಳಿಸಬಹುದು. ಆ ದಫ್ತರದ ಮೊದಲ ಪುಟವನ್ನು ಈ ವರ್ಷವೇ ತೆರೆಯಬೇಕೆಂದು ಕಾಲೇಜುಗಳ ಹಿರಿಯರನ್ನು ಕೇಳಿಕೊಳ್ಳುತ್ತಾ ಮಾತು ಮುಗಿಸುತ್ತೇನೆ.